ದೋಣಿಗೆ ಕಟ್ಟಿದ ದೋಣಿ

‘ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು’ ಎಂಬ ಗಾದೆಯನ್ನು ನೀವು ಮನೆಯ ಹಿರಿಯರ ಬಾಯಿಂದ ಕೇಳಿರಬಹುದು; ಕೇಳಿ ನಕ್ಕಿರಲೂಬಹುದು. ಗಾದೆಯು ಯಾವುದೋ ಒಂದು ಕುಟುಂಬದ ಪೇಚಾಟವನ್ನು ಹೇಳುವಂತೆ ತೋರಿದರೂ ಅದರ ಅರ್ಥ ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಕೆಲಸ ಆಗಬೇಕಾದರೆ ಇನ್ನೊಂದು ಮೊದಲು ಆಗಿರಬೇಕು. ಆ ಇನ್ನೊಂದು ಆಗಬೇಕಾದರೆ ಈ ಒಂದು ಮೊದಲು ಆಗಿರಬೇಕು. ಹೀಗಾದಾಗ ಎರಡೂ ನಿಂತಲ್ಲಿಯೇ ನಿಲ್ಲುತ್ತವೆ. ಇದೇ ಗಾದೆಯ ತಿರುಳು. ಮನೆಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಅಷ್ಟೇಕೆ, ನಾವು ದಿನವೂ ಬಳಸುವ ಗಣಕಯಂತ್ರದ ಒಳಗೂ ಇಂಥ ಗಂಟು ಬೀಳುತ್ತದೆ. ಅದು ಹೇಗೆ ಬೀಳುತ್ತದೆ, ಬಿಡಿಸುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಸಿರುಗುಪ್ಪ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದಳು. ಅವಳ ತಂದೆ ಅಕ್ಕಿಯ ಗಿರಣಿಯೊಂದರಲ್ಲಿ ಹಮಾಲಿ. ಅವಳಿಗೆ ವಿದ್ಯಾರ್ಥಿವೇತನ ಮಂಜೂರಾಗುವುದರಲ್ಲಿತ್ತು. ಹಣ ಜಮೆಯಾಗಲು ಬ್ಯಾಂಕಿನ ಖಾತೆ ಬೇಕು. ಖಾತೆ ತೆರೆಯಲು ಹೋದರೆ, ಕಚೇರಿಯ ಪ್ರಮಾಣಪತ್ರವನ್ನು ತರುವಂತೆ ಹೇಳಿದರು. ಕಚೇರಿಗೆ ಹೋದರೆ, ಪ್ರಮಾಣಪತ್ರದ ಅರ್ಜಿಯೊಡನೆ ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿಯನ್ನು ಲಗತ್ತಿಸುವಂತೆ ಹೇಳಿದರು. ಮೂರು ದಿನ ಅತ್ತಿಂದಿತ್ತ ಅಲೆದ ಆ ಹುಡುಗಿ ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ: “ಸಾರ್, ಅಲ್ಲಿ ಹೋದ್ರ ಇದನ್ನ ತಾ ಅಂತಾರ್ರಿ, ಇಲ್ಲಿ ಬಂದ್ರ ಅದನ್ನ ತಾ ಅಂತಾರ್ರಿ. ಮೊದಲು ಯಾವುದು ತರಬೇಕ್ರಿ?”

ಅರ್ಜಿ ಕೊಡುವ ಕೊನೆಯ ದಿನಕ್ಕೆ ಇನ್ನು ಒಂದು ವಾರ ಮಾತ್ರ ಉಳಿದಿತ್ತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಬ್ಯಾಂಕಿನವರು ತಪ್ಪು ಮಾಡಿರಲಿಲ್ಲ, ಕಚೇರಿಯವರೂ ಮಾಡಿರಲಿಲ್ಲ. ಇಬ್ಬರೂ ತಮ್ಮ ತಮ್ಮ ನಿಯಮವನ್ನು ಪಾಲಿಸುತ್ತಿದ್ದರು. ಒಂದೊಂದು ನಿಯಮವೂ ಬಿಡಿಯಾಗಿ ನೋಡಿದರೆ ಸರಿಯೇ. ಎರಡನ್ನೂ ಜೋಡಿಸಿ ನೋಡಿದಾಗ ಮಾತ್ರ ಕೆಡುಕು ಕಾಣುತ್ತಿತ್ತು. ಹಾಗೆ ಜೋಡಿಸಿ ನೋಡುವ ಸ್ಥಾನದಲ್ಲಿ ಯಾರೂ ಇರಲಿಲ್ಲ. ಅಲೆಯುತ್ತಿದ್ದ ಆ ಹುಡುಗಿಯೊಬ್ಬಳೇ ಇದ್ದಳು. ಅವಳ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಮುಂದುವರಿಯೋಣ. ಕೊನೆಯಲ್ಲಿ ಮತ್ತೆ ಅಲ್ಲಿಗೆ ಬರೋಣ.

ಈ ಗಂಟು ಹೊಸದಲ್ಲ. ನಮ್ಮ ಪ್ರಾಚೀನ ತರ್ಕಶಾಸ್ತ್ರಜ್ಞರು ಇದನ್ನು ಕಂಡುಕೊಂಡು, ದೋಷಗಳ ಸಾಲಿನಲ್ಲಿ ಸೇರಿಸಿ, ಬೇರೆ ಬೇರೆ ಹೆಸರುಗಳನ್ನೇ ಇಟ್ಟಿದ್ದರು. ಒಂದು ವಸ್ತು ತನ್ನ ಸಿದ್ಧಿಗೆ ತನ್ನನ್ನೇ ನೆಮ್ಮಿಕೊಂಡರೆ ಅದು ‘ಆತ್ಮಾಶ್ರಯ’. ಎರಡು ವಸ್ತುಗಳು ಒಂದನ್ನೊಂದು ನೆಮ್ಮಿಕೊಂಡರೆ ‘ಅನ್ಯೋನ್ಯಾಶ್ರಯ’. ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ, ಮೂರನೆಯದು ಮತ್ತೆ ಮೊದಲನೆಯದನ್ನೂ ನೆಮ್ಮಿಕೊಂಡು ಸುತ್ತು ಬಂದರೆ ‘ಚಕ್ರಕ’. ಪಾಣಿನಿಯ ವ್ಯಾಕರಣಕ್ಕೆ ಮಹಾಭಾಷ್ಯವನ್ನು ಬರೆದ ಪತಂಜಲಿಯು ಈ ದೋಷವನ್ನು ಚರ್ಚಿಸುತ್ತ ಒಂದು ದೋಣಿಗೆ ಇನ್ನೊಂದು ದೋಣಿಯನ್ನು ಕಟ್ಟಿದ ಹೋಲಿಕೆಯನ್ನು ಕೊಡುತ್ತಾನೆ. ತುಂಗಭದ್ರೆಯ ದಡದಲ್ಲಿ ಹರಿಗೋಲನ್ನು ಕಂಡವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಹರಿಗೋಲು ಕೊಚ್ಚಿಹೋಗದಂತೆ ಅದನ್ನು ದಡದ ಗೂಟಕ್ಕೆ ಕಟ್ಟುತ್ತಾರೆ. ಎರಡು ಹರಿಗೋಲುಗಳನ್ನು ಗೂಟಕ್ಕೆ ಕಟ್ಟದೆ ಒಂದಕ್ಕೊಂದು ಕಟ್ಟಿದರೆ, ಹಗ್ಗವೇನೋ ಬಿಗಿಯಾಗಿರುತ್ತದೆ. ಆದರೆ ಹೊಳೆ ಏರಿದಾಗ ಎರಡೂ ಕೂಡಿಯೇ ತೇಲಿಹೋಗುತ್ತವೆ. ಆಶ್ರಯ ಕೊಡುವುದು ಎಲ್ಲಿಯಾದರೂ ಒಂದು ಕಡೆ ನೆಲಕ್ಕೆ ಊರಿರಬೇಕು. ಇದು ನೆನಪಿನಲ್ಲಿರಲಿ.

ಇನ್ನು ಗಣಕಯಂತ್ರದ ಕಡೆಗೆ ಬರೋಣ. ಗಣಕವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ದೊಡ್ಡ ತಂತ್ರಾಂಶದಲ್ಲಿ ಲಕ್ಷಾಂತರ ಸಾಲುಗಳ ಆದೇಶಗಳಿರುತ್ತವೆ. ಅಷ್ಟನ್ನೂ ಒಂದೇ ರಾಶಿಯಾಗಿ ಬರೆದರೆ ಬರೆದವನಿಗೇ ಅದು ಅರ್ಥವಾಗದು. ಆದುದರಿಂದ ಅದನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸುತ್ತಾರೆ. ಇಂಥ ಭಾಗಕ್ಕೆ ‘ಮಾಡ್ಯೂಲ್’ ಎನ್ನುತ್ತಾರೆ, ನಾವು ಘಟಕವೆನ್ನೋಣ. ಚೆನ್ನಾಗಿ ಬರೆದ ಒಂದು ಘಟಕವನ್ನು ಒಂದೇ ತಂತ್ರಾಂಶಕ್ಕೆ ಮೀಸಲಿಡದೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುತ್ತವೆ. ಊರಿನ ಕೆರೆಯನ್ನು ಹಲವು ಹೊಲಗಳು ಹಂಚಿಕೊಂಡಂತೆ ಇದು. ಲಾಭವೂ ಹಲವರಿಗೆ, ಕೆಟ್ಟರೆ ಕೇಡೂ ಹಲವರಿಗೆ.

ಬಳ್ಳಾರಿ ನಗರದಲ್ಲಿ ತಂತ್ರಾಂಶ ಬರೆಯುವ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನು ನನಗೆ ತಿಳಿಯಹೇಳಿದ ರೀತಿಯಲ್ಲಿಯೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಿರುಗುಪ್ಪವು ಭತ್ತದ ನಾಡು. ಅಕ್ಕಿಯ ಗಿರಣಿಗಳ ಊರು. ಅಲ್ಲಿನ ಗಿರಣಿಯೊಂದಕ್ಕೆ ತಂತ್ರಾಂಶ ಬೇಕಾಯಿತು. ಅದರಲ್ಲಿ ಐದು ಘಟಕಗಳು. ‘ತೂಕ’ವು ಚೀಲಗಳ ತೂಕವನ್ನು ದಾಖಲಿಸುತ್ತದೆ. ‘ದರ’ವು ಅಂದಿನ ಭತ್ತದ ಬೆಲೆಯನ್ನು ಇಟ್ಟುಕೊಂಡಿರುತ್ತದೆ. ‘ರಸೀದಿ’ಯು ತೂಕವನ್ನೂ ದರವನ್ನೂ ಗುಣಿಸಿ ರೈತನಿಗೆ ಚೀಟಿಯನ್ನು ಮುದ್ರಿಸಿಕೊಡುತ್ತದೆ. ‘ಖಾತೆ’ಯು ರೈತನ ಹೆಸರು, ಊರು ಮತ್ತು ಅವನಿಗೆ ಸಲ್ಲಬೇಕಾದ ಬಾಕಿಯನ್ನು ಹೇಳುತ್ತದೆ. ‘ವರದಿ’ಯು ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟುಗೂಡಿಸಿ ಮಾಲೀಕನಿಗೆ ಒಪ್ಪಿಸುತ್ತದೆ.

ಈಗ ಯಾವುದು ಯಾವುದನ್ನು ನೆಮ್ಮಿಕೊಂಡಿದೆಯೆಂದು ನೋಡಿ. ತೂಕ ಮತ್ತು ದರಗಳಿಗೆ ಯಾರ ಹಂಗೂ ಇಲ್ಲ. ರಸೀದಿಗೆ ತೂಕ, ದರ ಎರಡೂ ಬೇಕು. ಚೀಟಿಯ ಮೇಲೆ ಹೆಸರು ಮುದ್ರಿಸಬೇಕಾದುದರಿಂದ ಖಾತೆಯೂ ಬೇಕು. ಖಾತೆಯಾದರೋ ಬಾಕಿಯನ್ನು ಲೆಕ್ಕ ಹಾಕಬೇಕು. ಅದಕ್ಕೆ ಹಿಂದಿನ ರಸೀದಿಗಳೆಲ್ಲ ಬೇಕು. ಅಂದರೆ ರಸೀದಿಗೆ ಖಾತೆ ಬೇಕು, ಖಾತೆಗೆ ರಸೀದಿ ಬೇಕು. ಗಂಟು ಬಿದ್ದಿತು. ಯಾರೂ ಇದನ್ನು ಬೇಕೆಂದು ಹಾಕಲಿಲ್ಲ. ಮೊದಲ ದಿನ ಖಾತೆಯಲ್ಲಿ ಹೆಸರು, ಊರುಗಳು ಮಾತ್ರ ಇದ್ದುವು. ಮುಂದೊಂದು ದಿನ ಮಾಲೀಕನು “ಬಾಕಿಯೂ ಇಲ್ಲಿಯೇ ಕಾಣಲಿ” ಎಂದನು. ಬರೆಯುವವನು ಒಂದೇ ಒಂದು ಸಾಲನ್ನು ಸೇರಿಸಿದನು. ಇಂಥ ಗಂಟುಗಳು ಬಹುಮಟ್ಟಿಗೆ ಹುಟ್ಟುವುದು ಹೀಗೆಯೇ. ಅವಸರದ ಒಂದು ಸಾಲಿನಿಂದ.

ಗಂಟು ಬಿದ್ದರೆ ಕೆಡುವುದೇನು? ಕೇಡು ಹಲವು ಬಗೆಯದು. ಮೊದಲನೆಯದು, ಕಟ್ಟುವಾಗಿನ ಅಡ್ಡಿ. ಘಟಕಗಳನ್ನು ಒಂದಾದ ಮೇಲೊಂದರಂತೆ ಸಿದ್ಧಪಡಿಸಬೇಕು. ಮೊದಲು ಯಾವುದನ್ನು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ‘ಗೋ’ ಎಂಬ ಗಣಕಭಾಷೆಯಲ್ಲಿ ಇಂಥ ಚಕ್ರ ಕಂಡುಬಂದ ಕೂಡಲೆ ಯಂತ್ರವು ಮುಂದೆ ಹೋಗಲು ನಿರಾಕರಿಸುತ್ತದೆ. ‘ಪೈಥಾನ್’ ಎಂಬ ಭಾಷೆ ಅಷ್ಟು ಕಟ್ಟುನಿಟ್ಟಿನದಲ್ಲ. ಅಲ್ಲಿ ಮೊದಲನೆಯ ಘಟಕವನ್ನು ಓದಲು ತೊಡಗಿ, ನಡುವೆ ಎರಡನೆಯದರ ಅಗತ್ಯ ಕಂಡು ಅತ್ತ ಹೋಗುತ್ತದೆ. ಎರಡನೆಯದು ಮತ್ತೆ ಮೊದಲನೆಯದರತ್ತ ಕೈ ಚಾಚಿದಾಗ ಅದು ಇನ್ನೂ ಅರೆಬರೆ ಸಿದ್ಧವಾಗಿರುತ್ತದೆ. ಬೇಕಾದ ಅಂಶ ಆ ಅರ್ಧದಲ್ಲಿ ಇದ್ದರೆ ಕೆಲಸ ಸಾಗುತ್ತದೆ, ಇಲ್ಲದಿದ್ದರೆ ನಿಂತುಹೋಗುತ್ತದೆ. ಎಂದೋ ನಡೆದು ಎಂದೋ ಕೈಕೊಡುವ ಇಂಥ ದೋಷ, ನೇರವಾಗಿ ಎದುರಾಗುವ ದೋಷಕ್ಕಿಂತ ಅಪಾಯಕರ.

ಎರಡನೆಯ ಕೇಡು ಹಂಚಿಕೆಗೆ ಸಂಬಂಧಿಸಿದುದು. ಕುರುಗೋಡಿನ ಗೊಬ್ಬರದ ಅಂಗಡಿಯವನೊಬ್ಬ “ನನಗೆ ಖಾತೆಯ ಘಟಕ ಮಾತ್ರ ಕೊಡಿ” ಎಂದು ಕೇಳಿದನೆನ್ನಿ. ಖಾತೆಯನ್ನು ಎತ್ತಿದರೆ ರಸೀದಿ ಜೊತೆಗೆ ಬರುತ್ತದೆ. ರಸೀದಿಯ ಬೆನ್ನಿಗೆ ತೂಕ, ದರಗಳೂ ಬರುತ್ತವೆ. ಗೊಬ್ಬರದ ಅಂಗಡಿಯ ಗಣಕದಲ್ಲಿ ಭತ್ತದ ದರ ಹೋಗಿ ಕೂರುತ್ತದೆ! ಬಳ್ಳಾರಿಯ ಜೀನ್ಸ್ ಹೊಲಿಗೆಯ ಘಟಕದವನು ರಸೀದಿಯನ್ನಷ್ಟೇ ಬಯಸಿದರೆ, ಅವನಿಗೂ ರೈತರ ಬಾಕಿಯ ಲೆಕ್ಕ ಗಂಟುಬೀಳುತ್ತದೆ. ಮೂರನೆಯ ಕೇಡು, ಪರೀಕ್ಷಿಸುವಾಗಿನದು. ರಸೀದಿ ಸರಿಯಾಗಿದೆಯೇ ಎಂದು ನೋಡಲು ಖಾತೆ ಸರಿಯಾಗಿರಬೇಕು. ಖಾತೆಯನ್ನು ನೋಡಲು ರಸೀದಿ ಸರಿಯಾಗಿರಬೇಕು. ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು 1979ರಷ್ಟು ಹಿಂದೆಯೇ ಈ ಎಚ್ಚರಿಕೆಯನ್ನು ಕೊಟ್ಟಿದ್ದರು: ಅವಲಂಬನೆ ಸುತ್ತುಗಟ್ಟಿದ ವ್ಯವಸ್ಥೆಯಲ್ಲಿ ಎಲ್ಲವೂ ಸಿದ್ಧವಾಗುವವರೆಗೆ ಯಾವುದೂ ಕೆಲಸ ಮಾಡದು ಎಂಬುದು ಅವರ ಮಾತಿನ ಸಾರಾಂಶ. ಅವರಿಗಿಂತ ಮೊದಲೇ, 1968ರಲ್ಲಿ, ನೆದರ್‌ಲೆಂಡ್ಸಿನ ಡೈಕ್‌ಸ್ಟ್ರಾ ಎಂಬ ಗಣಿತಜ್ಞರು ಒಂದು ಗಣಕವ್ಯವಸ್ಥೆಯನ್ನು ಮಹಡಿಯ ಮೇಲೆ ಮಹಡಿ ಕಟ್ಟಿದಂತೆ ರಚಿಸಿದ ಬಗೆಯನ್ನು ಪ್ರಕಟಿಸಿದ್ದರು. ಮೇಲಿನ ಮಹಡಿಗೆ ಕೆಳಗಿನದರ ಆಸರೆ. ಕೆಳಗಿನದಕ್ಕೆ ಮೇಲಿನದರ ಹಂಗಿಲ್ಲ.

ಐದು ಘಟಕಗಳಿದ್ದರೆ ಗಂಟು ಕಣ್ಣಿಗೆ ಬೀಳುತ್ತದೆ. ಐನೂರು ಇದ್ದರೆ ಹೇಗೆ ಕಂಡುಹಿಡಿಯುವುದು? 1962ರಲ್ಲಿ ಆರ್ಥರ್ ಕಾನ್ ಎಂಬವರು ಪ್ರಕಟಿಸಿದ ಕ್ರಮವೊಂದಿದೆ. ಅದು ಎಷ್ಟು ಸರಳವೆಂದರೆ ನೀವು ಕಾಗದದ ಮೇಲೆ ಮಾಡಿನೋಡಬಹುದು. ಎಲ್ಲ ಘಟಕಗಳ ಹೆಸರುಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಅದು ನೆಮ್ಮಿಕೊಂಡಿರುವವುಗಳ ಹೆಸರುಗಳನ್ನು ಬರೆಯಿರಿ. ಯಾವುದರ ಎದುರಿಗೆ ಏನೂ ಇಲ್ಲವೋ ಅದನ್ನು ಮೊದಲು ಹೊಡೆದುಹಾಕಿ. ಉಳಿದವುಗಳ ಎದುರಿನಿಂದಲೂ ಅದರ ಹೆಸರನ್ನು ಅಳಿಸಿ. ಈಗ ಹೊಸದಾಗಿ ಯಾವುದಾದರೂ ಬರಿದಾಗಿದ್ದರೆ ಅದನ್ನೂ ಹೊಡೆದುಹಾಕಿ. ಹೀಗೆ ಮುಂದುವರಿಯಿರಿ. ಎಲ್ಲ ಹೆಸರುಗಳೂ ಹೋದರೆ ಗಂಟಿಲ್ಲವೆಂದು ಅರ್ಥ; ಹೊಡೆದುಹಾಕಿದ ಕ್ರಮವೇ ಕಟ್ಟಬೇಕಾದ ಕ್ರಮ. ಹೊಡೆಯಲು ಏನೂ ಸಿಗದೆ ಕೆಲವು ಹೆಸರುಗಳು ಉಳಿದುಬಿಟ್ಟರೆ ಅವುಗಳ ನಡುವೆ ಚಕ್ರವೊಂದು ಇದ್ದೇ ಇರುತ್ತದೆ.

ನಮ್ಮ ಉದಾಹರಣೆಯಲ್ಲಿ ಮೊದಲು ತೂಕ, ದರಗಳು ಹೋಗುತ್ತವೆ. ರಸೀದಿ, ಖಾತೆ, ವರದಿಗಳು ಉಳಿಯುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ವರದಿಯು ಚಕ್ರದ ಒಳಗಿಲ್ಲ. ಅದನ್ನು ಯಾರೂ ನೆಮ್ಮಿಕೊಂಡಿಲ್ಲ. ಆದರೂ ಅದು ಉಳಿಯಿತು. ಏಕೆಂದರೆ ಚಕ್ರದಲ್ಲಿ ಸಿಲುಕಿದವರನ್ನು ಅದು ಕಾಯುತ್ತಿದೆ. ಇಬ್ಬರ ಗಂಟು ಮೂರನೆಯವನನ್ನೂ ಕಟ್ಟಿಹಾಕುತ್ತದೆ. ಬ್ಯಾಂಕು, ಕಚೇರಿಗಳ ನಡುವಿನ ಗಂಟಿನಿಂದ ಹುಡುಗಿಯ ಓದು ನಿಂತಂತೆ.

ಇನ್ನು ಬಿಡಿಸುವ ಉಪಾಯಗಳು. ಮೊದಲನೆಯದೂ ಎಲ್ಲಕ್ಕಿಂತ ಒಳ್ಳೆಯದೂ ಆದ ಉಪಾಯವೆಂದರೆ ಬೇರ್ಪಡಿಸುವುದು. ಗಂಟು ಬಿದ್ದಲ್ಲಿ, ಯಾವುದೋ ಒಂದು ಘಟಕವು ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತುಕೊಂಡಿರುವುದುಂಟು. ನಮ್ಮ ಖಾತೆಯನ್ನೇ ನೋಡಿ. ಹೆಸರು, ಊರುಗಳನ್ನು ಹೇಳುವುದು ಒಂದು ಕೆಲಸ. ಬಾಕಿಯನ್ನು ಲೆಕ್ಕ ಹಾಕುವುದು ಇನ್ನೊಂದು. ರಸೀದಿಗೆ ಬೇಕಾಗಿದ್ದುದು ಹೆಸರು ಮಾತ್ರ. ರಸೀದಿಯನ್ನು ಬೇಡುತ್ತಿದ್ದುದು ಬಾಕಿಯ ಲೆಕ್ಕ ಮಾತ್ರ. ಆದುದರಿಂದ ಖಾತೆಯನ್ನು ಒಡೆದು ‘ಹೆಸರುಪಟ್ಟಿ’ ಮತ್ತು ‘ಬಾಕಿ’ ಎಂದು ಎರಡು ಮಾಡಿದರಾಯಿತು. ಹೆಸರುಪಟ್ಟಿಗೆ ಯಾರ ಹಂಗೂ ಇಲ್ಲ. ರಸೀದಿಯು ಹೆಸರುಪಟ್ಟಿಯನ್ನು ನೆಮ್ಮುತ್ತದೆ, ಬಾಕಿಯು ರಸೀದಿಯನ್ನೂ ಹೆಸರುಪಟ್ಟಿಯನ್ನೂ ನೆಮ್ಮುತ್ತದೆ, ವರದಿಯು ಅವೆಲ್ಲವನ್ನೂ. ಈಗ ಕಾನ್ ಅವರ ಕ್ರಮವನ್ನು ನಡೆಸಿನೋಡಿ. ತೂಕ, ದರ, ಹೆಸರುಪಟ್ಟಿ ಮೊದಲು ಹೋಗುತ್ತವೆ. ಅನಂತರ ರಸೀದಿ, ಬಾಕಿ, ವರದಿ. ಒಂದೂ ಉಳಿಯುವುದಿಲ್ಲ. ಹರಿಗೋಲುಗಳು ಒಂದಕ್ಕೊಂದು ಕಟ್ಟಿಕೊಳ್ಳುವುದನ್ನು ಬಿಟ್ಟು ದಡದ ಗೂಟಕ್ಕೆ ಬಂದು ನಿಂತವು. ಹೆಸರುಪಟ್ಟಿಯೇ ಆ ಗೂಟ.

ಎರಡನೆಯ ಉಪಾಯ ಒಪ್ಪಂದ. “ರಸೀದಿಯ ಅಡಿಯಲ್ಲಿ ಹಳೆಯ ಬಾಕಿಯನ್ನೂ ಮುದ್ರಿಸಬೇಕು” ಎಂದು ಮಾಲೀಕನು ಹಟ ಹಿಡಿದರೆ? ರಸೀದಿಯು ಬಾಕಿಯ ಬಾಗಿಲಿಗೆ ಹೋದರೆ ಮತ್ತೆ ಹಳೆಯ ಗಂಟೇ. ಅದರ ಬದಲು ರಸೀದಿಯು ಹೀಗೆ ಹೇಳಬೇಕು: “ನನಗೆ ಒಂದು ಮೊತ್ತ ಬೇಕು. ಅದನ್ನು ಯಾರು ಲೆಕ್ಕ ಹಾಕಿದರೆಂದು ನಾನು ಕೇಳುವುದಿಲ್ಲ; ನನ್ನನ್ನು ಕೆಲಸಕ್ಕೆ ಕರೆಯುವವನು ಅದನ್ನು ನನ್ನ ಕೈಗೆ ಕೊಡಲಿ.” ಆಗ ಎಲ್ಲಕ್ಕಿಂತ ಮೇಲಿರುವ ಘಟಕವು ಬಾಕಿಯನ್ನು ಕೇಳಿ ತಿಳಿದು, ಆ ಮೊತ್ತವನ್ನು ರಸೀದಿಗೆ ಒಪ್ಪಿಸುತ್ತದೆ. ರಸೀದಿಯು ಈಗ ಬಾಕಿ ಎಂಬ ಘಟಕವನ್ನು ನೆಮ್ಮಿಲ್ಲ; ‘ಒಂದು ಮೊತ್ತ’ ಎಂಬ ಒಪ್ಪಂದವನ್ನು ಮಾತ್ರ ನೆಮ್ಮಿದೆ. ವ್ಯಕ್ತಿಯನ್ನು ನೆಮ್ಮದೆ ಕೊಟ್ಟ ಮಾತನ್ನು ನೆಮ್ಮಿದಂತೆ ಇದು.

ಮೂರನೆಯ ಉಪಾಯವನ್ನು ನಿಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ಮೊಸರು ಆಗಬೇಕಾದರೆ ಹಾಲಿಗೆ ಹೆಪ್ಪು ಹಾಕಬೇಕು. ಹೆಪ್ಪು ಎಂದರೆ ಮೊಸರೇ. ಮೊಸರಿಲ್ಲದೆ ಮೊಸರಾಗದು! ಶಾಸ್ತ್ರಕಾರರು ಇದನ್ನು ಆತ್ಮಾಶ್ರಯವೆಂದು ಹೇಳಿ ಕೈಚೆಲ್ಲಬಹುದು, ಮನೆಯಾಕೆ ಕೈಚೆಲ್ಲುವುದಿಲ್ಲ. ನೆರೆಮನೆಯಿಂದ ಒಂದು ಚಮಚ ಹೆಪ್ಪನ್ನು ತರುತ್ತಾಳೆ. ಎಲ್ಲಿಯೂ ಸಿಗದಿದ್ದರೆ ಉಗುರುಬೆಚ್ಚಗಿನ ಹಾಲಿಗೆ ತೊಟ್ಟು ಸಹಿತ ಮೆಣಸಿನಕಾಯಿಯನ್ನು ಹಾಕಿಡುತ್ತಾಳೆ. ಮೊದಲ ಸಲದ ಮೊಸರು ಅಷ್ಟು ಚೆನ್ನಾಗಿರುವುದಿಲ್ಲ. ಅದನ್ನೇ ಹೆಪ್ಪು ಮಾಡಿ ಎರಡನೆಯ ಸಲ ಒಳ್ಳೆಯ ಮೊಸರನ್ನು ಮಾಡುತ್ತಾಳೆ. ಅಂದರೆ, ಮೊದಲು ಕುಂದಿರುವ ಒಂದು ಆವೃತ್ತಿಯನ್ನು ಹೇಗೋ ಸಿದ್ಧಪಡಿಸಿ, ಅದರ ಬಲದಿಂದ ಪೂರ್ಣವಾದುದನ್ನು ಸಾಧಿಸುವುದು.

ದೊಡ್ಡ ಪ್ರಮಾಣದಲ್ಲಿಯೂ ಇದೇ ನೀತಿ ನಡೆಯುತ್ತದೆ. ಬಳ್ಳಾರಿಯ ಸಮೀಪ ಕುಡಿತಿನಿಯಲ್ಲಿ 1700 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಇಂಥ ಸ್ಥಾವರದಲ್ಲಿ ಕಲ್ಲಿದ್ದಲನ್ನು ಪುಡಿಮಾಡುವ ಯಂತ್ರ, ಕುಲುಮೆಗೆ ಗಾಳಿಯೂಡುವ ಬೀಸಣಿಗೆ, ನೀರೊತ್ತುವ ಪಂಪು ಎಲ್ಲವೂ ವಿದ್ಯುತ್ತಿನಿಂದಲೇ ನಡೆಯಬೇಕು. ವಿದ್ಯುತ್ತನ್ನು ಹುಟ್ಟಿಸಲು ವಿದ್ಯುತ್ತೇ ಬೇಕು! ಸಾಮಾನ್ಯವಾಗಿ ಅದು ತಂತಿಜಾಲದಿಂದ ಸಿಗುತ್ತದೆ. ತಂತಿಜಾಲವೇ ಸತ್ತರೆ? 2012ರ ಜುಲೈ 30 ಮತ್ತು 31ರಂದು ಭಾರತದ ಉತ್ತರ ಭಾಗದಲ್ಲಿ ಅಂಥದು ನಡೆದು ಕೋಟ್ಯಂತರ ಜನರು ಕತ್ತಲೆಯಲ್ಲಿ ಮುಳುಗಿದ್ದರು. ಅಂಥ ಸಂದರ್ಭದಲ್ಲಿ ಮೊದಲು ಎಬ್ಬಿಸುವುದು ಜಲವಿದ್ಯುತ್ ಕೇಂದ್ರಗಳನ್ನು. ಎತ್ತರದಲ್ಲಿ ನಿಂತ ನೀರಿಗೆ ಬಾಗಿಲು ತೆರೆಯಲು ಒಂದು ಸಣ್ಣ ಡೀಸೆಲ್ ಯಂತ್ರದ ಬಲ ಸಾಕು. ಆ ಜಲವಿದ್ಯುತ್ತೇ ಹೆಪ್ಪಾಗಿ ದೊಡ್ಡ ಉಷ್ಣಸ್ಥಾವರಗಳು ಎಚ್ಚರಗೊಳ್ಳುತ್ತವೆ.

ಗಣಕದ ಲೋಕದಲ್ಲಿ ಇದಕ್ಕೆ ನಿಜವಾದ ಉದಾಹರಣೆಯೊಂದಿದೆ. ಅದು ನಮ್ಮ ಕನ್ನಡದ ಅಕ್ಷರಗಳಿಗೇ ಸಂಬಂಧಿಸಿದುದು. ‘ಬಳ್ಳಾರಿ’ ಎಂಬ ಪದವು ಕಣ್ಣಿಗೆ ಮೂರು ಅಕ್ಷರಗಳಾಗಿ ಕಾಣುತ್ತದೆ. ಗಣಕದೊಳಗೆ ಅದು ಏಳು ಸಂಕೇತಗಳ ಸಾಲು: ಬಕಾರ, ಳಕಾರ, ವಿರಾಮದ ಚಿಹ್ನೆ, ಮತ್ತೊಂದು ಳಕಾರ, ದೀರ್ಘದ ಚಿಹ್ನೆ, ರಕಾರ, ಗುಡಿಸು. ‘ಸಿರುಗುಪ್ಪ’ಕ್ಕೆ ಒಂಬತ್ತು, ‘ಕುರುಗೋಡು’ವಿಗೆ ಎಂಟು. 1991ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಈ ಸಂಕೇತಗಳಿಗೆ ಸ್ಥಾನ ದೊರೆತಿದೆ. ಸಂಕೇತಗಳ ಸಾಲನ್ನು ನೋಡಿ, ಎಲ್ಲಿ ಒತ್ತಕ್ಷರ ಬರಬೇಕು, ಯಾವ ರೂಪವನ್ನು ಎಲ್ಲಿ ಇಡಬೇಕು ಎಂದು ನಿರ್ಣಯಿಸುವ ಹಂಚಿಕೆಯ ಘಟಕವೊಂದಿದೆ. ಅದರ ಹೆಸರು ‘ಹಾರ್ಫ್‌ಬಜ್’. ನಿರ್ಣಯವಾದ ರೂಪಗಳನ್ನು ಚುಕ್ಕೆಚುಕ್ಕೆಯಾಗಿ ಚಿತ್ರಿಸುವ ಇನ್ನೊಂದು ಘಟಕವಿದೆ, ಅದು ‘ಫ್ರೀಟೈಪ್’. ಒಬ್ಬನು ಜೋಡಿಸುವವನು, ಇನ್ನೊಬ್ಬನು ಬಿಡಿಸುವವನು. ಇವೆರಡೂ ಉಚಿತವಾಗಿ ಲಭ್ಯವಿದ್ದು ಲೋಕದ ಎಷ್ಟೋ ತಂತ್ರಾಂಶಗಳು ಇವನ್ನು ಹಂಚಿಕೊಂಡಿವೆ.

ಇವೆರಡರ ನಡುವೆ ಅನ್ಯೋನ್ಯಾಶ್ರಯ ಬೆಳೆಯಿತು. ಅಕ್ಷರದ ಅಗಲ ಮೊದಲಾದ ವಿವರಗಳನ್ನು ಫ್ರೀಟೈಪಿನಿಂದ ಪಡೆಯುವ ಏರ್ಪಾಟು ಹಾರ್ಫ್‌ಬಜ್‌ನಲ್ಲಿದೆ. ಇತ್ತ ಫ್ರೀಟೈಪು ಸಣ್ಣ ಅಕ್ಷರಗಳ ಗೆರೆಗಳನ್ನು ಸ್ಫುಟಗೊಳಿಸುವಾಗ, ಒತ್ತಕ್ಷರದಂತೆ ಸ್ವಂತ ಸಂಕೇತವಿಲ್ಲದ ರೂಪಗಳು ಯಾವ ಲಿಪಿಗೆ ಸೇರಿದವೆಂದು ಹಾರ್ಫ್‌ಬಜನ್ನು ಕೇಳತೊಡಗಿತು. ಹಾಗಾದರೆ ಮೊದಲು ಕಟ್ಟುವುದು ಯಾವುದನ್ನು? ಲಿನಕ್ಸ್ ವ್ಯವಸ್ಥೆಯನ್ನು ಮೂಲದಿಂದ ಕಟ್ಟುವವರು ಹೆಪ್ಪಿನ ಉಪಾಯವನ್ನೇ ಹಿಡಿದರು. ಮೊದಲು ಹಾರ್ಫ್‌ಬಜ್ ಇಲ್ಲದೆಯೇ ಫ್ರೀಟೈಪನ್ನು ಕಟ್ಟುವುದು. ಅದರಲ್ಲಿ ಸ್ವಲ್ಪ ಕುಂದಿರುತ್ತದೆ, ಇರಲಿ. ಅದನ್ನು ನೆಮ್ಮಿ ಹಾರ್ಫ್‌ಬಜನ್ನು ಕಟ್ಟುವುದು. ಆಮೇಲೆ ಹಾರ್ಫ್‌ಬಜ್‌ನ ನೆರವಿನಿಂದ ಫ್ರೀಟೈಪನ್ನು ಎರಡನೆಯ ಸಲ, ಈಗ ಪೂರ್ಣವಾಗಿ, ಕಟ್ಟುವುದು. ಎರಡು ಸಲದ ದುಡಿಮೆ, ಆದರೂ ಕೆಲಸವಾಗುತ್ತದೆ. 2025ರಲ್ಲಿ ಹೊರಬಂದ ಫ್ರೀಟೈಪಿನ 2.14ನೆಯ ಆವೃತ್ತಿಯಲ್ಲಿ ಇನ್ನೊಂದು ದಾರಿಯನ್ನು ತೆರೆದರು. ಕಟ್ಟುವಾಗ ಹಾರ್ಫ್‌ಬಜ್ ಇರಬೇಕಾಗಿಲ್ಲ. ಕೆಲಸ ಮಾಡುವಾಗ ಅದು ಹತ್ತಿರದಲ್ಲಿದ್ದರೆ ಕರೆದುಕೊಂಡರಾಯಿತು, ಇಲ್ಲದಿದ್ದರೆ ಅದಿಲ್ಲದೆ ಮುಂದುವರಿದರಾಯಿತು. ಬೇಕಾದಾಗ ಮಾತ್ರ ಕರೆಯುವ ಇದನ್ನು ನಾಲ್ಕನೆಯ ಉಪಾಯವೆಂದು ಎಣಿಸಬಹುದು.

ಐದನೆಯದು, ಕೂಡಿಸಿಬಿಡುವುದು. ಕೆಲವು ವೇಳೆ ಎರಡು ಘಟಕಗಳು ಹೆಜ್ಜೆಹೆಜ್ಜೆಗೂ ಒಂದನ್ನೊಂದು ಕೇಳುತ್ತಿದ್ದರೆ ಅವು ನಿಜವಾಗಿ ಎರಡಲ್ಲ, ಒಂದೇ. ನಾವು ನಡುವೆ ವೃಥಾ ಗೋಡೆಯನ್ನೆಬ್ಬಿಸಿದ್ದೇವೆಂದು ತಿಳಿದು ಅದನ್ನು ಕೆಡವುವುದೇ ವಿವೇಕ. ಆದರೆ ಗಂಟನ್ನು ಬಿಡಿಸುವ ಸೋಮಾರಿತನದಿಂದ ಎಲ್ಲವನ್ನೂ ಕೂಡಿಸುತ್ತ ಹೋದರೆ ಕೊನೆಗೆ ಉಳಿಯುವುದು ಮೊದಲಿನ ರಾಶಿಯೇ. ಅಂತೆಯೇ ನಾಲ್ಕನೆಯ ಉಪಾಯದಲ್ಲಿಯೂ ಎಚ್ಚರ ಬೇಕು. ಕರೆಯುವುದನ್ನು ಮುಂದಕ್ಕೆ ಹಾಕಿದ ಮಾತ್ರಕ್ಕೆ ಅವಲಂಬನೆ ಇಲ್ಲವಾಗದು. ಫ್ರೀಟೈಪಿನಲ್ಲಿ ಅದು ಸಾಧ್ಯವಾದುದು ಹಾರ್ಫ್‌ಬಜ್ ಇಲ್ಲದಿದ್ದರೂ ಅದು ನಡೆಯಬಲ್ಲುದಾದುದರಿಂದ. ಅಂಥ ಸ್ವಾವಲಂಬನೆ ಇಲ್ಲದೆಡೆ ಇದು ಗಂಟನ್ನು ಬಿಡಿಸಿದಂತಲ್ಲ, ಸೆರಗಿನಲ್ಲಿ ಮರೆಸಿದಂತೆ.

ಈಗ ಸಿರುಗುಪ್ಪದ ಹುಡುಗಿಯ ಕಥೆಗೆ ಮರಳೋಣ. ಅವಳನ್ನು ಕರೆದುಕೊಂಡು ನಾನು ಬ್ಯಾಂಕಿಗೆ ಹೋದೆ. ಅಲ್ಲಿಯ ಹಿರಿಯ ಅಧಿಕಾರಿಗಳನ್ನು ಕಂಡು, “ಕಚೇರಿಯ ಪ್ರಮಾಣಪತ್ರ ನಿಮಗೆ ಏತಕ್ಕಾಗಿ ಬೇಕು ಸ್ವಾಮಿ?” ಎಂದು ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, “ಈಕೆ ಇಂಥ ಊರಿನ ಇಂಥವರ ಮಗಳು ಎಂದು ನಂಬಲು” ಎಂದರು. “ಅಷ್ಟಕ್ಕೇ ಆದರೆ ಶಾಲೆಯ ದೃಢೀಕರಣ ಸಾಲದೆ?” ಎಂದೆ. ಅವರು ನಿಯಮಗಳ ಪುಸ್ತಕವನ್ನು ತೆಗೆದು ನೋಡಿದರು. ಅಲ್ಲಿ ಕಚೇರಿಯ ಪತ್ರವೇ ಬೇಕೆಂದಿರಲಿಲ್ಲ. ನಂಬತಕ್ಕ ದಾಖಲೆಯೊಂದು ಬೇಕೆಂದಿತ್ತು. ರೂಢಿಯು ಮಾತ್ರ ಆ ಒಂದು ಪತ್ರಕ್ಕೆ ಅಂಟಿಕೊಂಡಿತ್ತು. ಮುಖ್ಯೋಪಾಧ್ಯಾಯರು ಭಾವಚಿತ್ರದ ಮೇಲೆ ಸಹಿ ಮಾಡಿ ಪತ್ರ ಕೊಟ್ಟರು. ಖಾತೆ ತೆರೆಯಿತು, ಪಾಸ್‌ಬುಕ್ಕು ಬಂದಿತು, ಪ್ರಮಾಣಪತ್ರವೂ ಬಂದಿತು. ಕೊನೆಯ ದಿನಕ್ಕೆ ಒಂದು ದಿನ ಮೊದಲು ಅರ್ಜಿ ಹೋಯಿತು. ಇದು ಯಾವ ಉಪಾಯವೆಂದು ನೀವೇ ಹೇಳಬಲ್ಲಿರಿ.

ಇಲ್ಲಿಗೆ ಮುಗಿಸಿದ್ದರೆ ಈ ಕಥೆ ನನಗೆ ಹೆಮ್ಮೆಯದಾಗುತ್ತಿತ್ತು. ಆದರೆ ಅದರ ಹಿಂದಿನ ವರ್ಷ ಇದೇ ತೊಡಕನ್ನು ಹೊತ್ತು ಒಬ್ಬ ಹುಡುಗನೂ ನನ್ನ ಬಳಿಗೆ ಬಂದಿದ್ದ. ನಾನು ಅವನಿಗೆ “ಇನ್ನೊಮ್ಮೆ ಹೋಗಿ ಕೇಳು” ಎಂದಷ್ಟೇ ಹೇಳಿ ಕಳುಹಿಸಿದ್ದೆ. ಅವನು ಇನ್ನೊಮ್ಮೆ ಹೋದನು, ಮತ್ತೊಮ್ಮೆ ಹೋದನು. ಕೊನೆಯ ದಿನ ಕಳೆಯಿತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಗಿರಣಿಯ ಅಂಗಳದಲ್ಲಿ ತಂದೆಯ ಜೊತೆ ಚೀಲ ಹೊರುತ್ತಿದ್ದುದನ್ನು ಕಂಡೆ. ಚಕ್ರದಲ್ಲಿ ಸಿಲುಕಿದವನಿಗೆ ‘ಇನ್ನೊಂದು ಸುತ್ತು ಹಾಕು’ ಎಂದು ಹೇಳುವುದು ಉಪದೇಶವಲ್ಲವೆಂದು ನಾನು ಕಲಿತದ್ದು ಅಂದು.

ನಾಳೆ ನಿಮ್ಮಲ್ಲಿ ಕೆಲವರು ತಂತ್ರಾಂಶವನ್ನು ಬರೆಯುವಿರಿ. ಕೆಲವರು ಬ್ಯಾಂಕಿನಲ್ಲಿ, ಕಚೇರಿಯಲ್ಲಿ ನಿಯಮಗಳನ್ನು ಬರೆಯುವ ಕುರ್ಚಿಯಲ್ಲಿ ಕುಳಿತುಕೊಳ್ಳುವಿರಿ. ಒಂದು ಹೊಸ ಸಾಲನ್ನು ಬರೆಯುವ ಮುನ್ನ, ನಾನು ಯಾವುದನ್ನು ನೆಮ್ಮಿದ್ದೇನೆ, ಅದು ಸುತ್ತಿಬಳಸಿ ನನ್ನನ್ನೇ ನೆಮ್ಮಿಲ್ಲವಷ್ಟೆ ಎಂದು ಕೇಳಿಕೊಳ್ಳಿ. ಗಂಟು ಕಂಡರೆ, ಇವರಿಗೆ ನಿಜವಾಗಿ ಬೇಕಾದುದೇನು ಎಂಬ ಪ್ರಶ್ನೆಯಿಂದ ಬಿಡಿಸಲು ತೊಡಗಿ. ದೋಣಿಯನ್ನು ದೋಣಿಗೆ ಕಟ್ಟಬೇಡಿ. ದಡದಲ್ಲಿ ಒಂದು ಗೂಟವನ್ನು ನೆಡಿ.